ಅರ್ಧ ಮಾತ್ರೆ

ಎಂ.ಬಿ.ಎ. ಮುಗಿಸಿ ಮಗಳು ಬ್ಯಾಂಕು ಸೇರುತ್ತಾಳೆ, ವಿಜಯನಗರದ ಈ ಮನೆಯ ಸಾಲ ತೀರುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಒಂದು ರಾತ್ರಿ, ಕೆಂಗೇರಿ ಕಡೆಯ ಕಾಲೇಜಿನಿಂದ ಮೆಟ್ರೊದಲ್ಲಿ ಬಂದವಳು ಸಾರನ್ನದ ನಡುವೆ, "ಅಪ್ಪ, ನಾನು ಬ್ಯಾಂಕಿಗೆ ಹೋಗಲ್ಲ. ಜನಕ್ಕೆ ಚಿಕಿತ್ಸೆ ಕೈಗೆಟುಕೋ ಹಾಗೆ ಮಾಡೋ ಕೆಲಸ ಹುಡುಕ್ತೀನಿ" ಅಂದಳು.

"ಡಾಕ್ಟ್ರು ಓದದೇನೇ?" ಅಂದಳು ನನ್ನಮ್ಮ.

"ಡಾಕ್ಟ್ರು ಇದಾರೆ ಅಜ್ಜಿ. ಜನ ಅವ್ರ ಹತ್ರ ಯಾಕೆ ಹೋಗಲ್ಲ ಅನ್ನೋದೇ ನನ್ನ ಪ್ರಾಜೆಕ್ಟು."

ಅಂದಿನಿಂದ ಮನೆಯಲ್ಲಿ ಯಶಸ್ವಿನಿ ಪಾರಾಯಣ. 2003ರಲ್ಲಿ ಸಹಕಾರ ಸಂಘದ ರೈತರಿಂದ ತಿಂಗಳಿಗೆ ಐದರಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿಸಿಕೊಂಡು ಆಪರೇಷನ್ ಮಾಡಿಸಿದ ಯೋಜನೆ, ಡಾ. ದೇವಿ ಶೆಟ್ಟಿಯವರ ಯೋಚನೆ. ಲಕ್ಷಾಂತರ ಜನ ಕಟ್ಟಿದರೂ ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ, ಅದೇ ಅದರ ಗುಟ್ಟು.

"ನಮ್ಮ ಚೀಟಿ ಥರ" ಅಂದಳು ಅಮ್ಮ.

"ಹೂಂ ಅಜ್ಜಿ. ಆದ್ರೆ ಈ ಚೀಟಿ ಎತ್ತದೇ ಇದ್ದೋರೇ ಪುಣ್ಯವಂತರು."

ಮಗಳು ನಡುಮನೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ರೋಗಿಯ ದಾರಿ ಬರೆದಳು: ಮನೆ, ಬಸ್ಸು, ಕೌಂಟರು, ಡಾಕ್ಟರು, ಔಷಧಿ ಅಂಗಡಿ. ಬಾಣಗಳೆಲ್ಲ ನೆಟ್ಟಗಿದ್ದವು. ಅದರ ಕೆಳಗೇ ಅಮ್ಮನ ಕುರ್ಚಿ.

ಒಂದು ದಿನ ಪಿನ್ನು ಹುಡುಕುತ್ತ ಅಮ್ಮನ ಹಳೆಯ ಹಾರ್ಲಿಕ್ಸ್ ಡಬ್ಬಿ ತೆರೆದವಳು ನನ್ನನ್ನು ಕೂಗಿದಳು. ಒಳಗೆ ಬಿ.ಪಿ. ಮಾತ್ರೆಯ ಅರ್ಧಚಂದ್ರರು. ಅಡಕತ್ತರಿಯಲ್ಲಿ ಕತ್ತರಿಸಿದ್ದರಿಂದ ಅಂಚಿನಲ್ಲೆಲ್ಲ ಅಡಕೆಯ ಕೆಂಪು. "ಒಂದೊಂದೇ ನುಂಗಿದ್ರೆ ತಿಂಗಳಿಗೇ ಮುಗಿಯುತ್ತೆ ಕಣೋ" ಅಂದಳು ಅಮ್ಮ. ಆಸ್ಪತ್ರೆ ಕೂಗಳತೆಯಲ್ಲಿದೆ. ದುಡ್ಡು ಕೊಡಲ್ಲ ಎಂದು ನಾನು ಅಂದವನಲ್ಲ. ಅಮ್ಮ ಕೇಳಿದವಳೂ ಅಲ್ಲ. ಹಾಳೆಯಲ್ಲಿ ಅಡಕತ್ತರಿಗೆ ಜಾಗವೇ ಇರಲಿಲ್ಲ.

ಮಗಳು ಜನೌಷಧಿ ಕೇಂದ್ರದಿಂದ ಅದೇ ಆಮ್ಲೋಡಿಪೈನ್ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ತಂದಳು. ಅಮ್ಮ ಬಿಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇಷ್ಟು ಸೋವಿಗೆ ಒಳ್ಳೆ ಮಾತ್ರೆ ಯಾರು ಕೊಡ್ತಾರೆ?" ಎಂದು ಅದನ್ನು ಮುಟ್ಟಲೇ ಇಲ್ಲ. ದುಬಾರಿಯದು ಅರ್ಧವಾದರೂ ಹೊಟ್ಟೆಗೆ ಹೋಗುತ್ತಿತ್ತು, ಸೋವಿಯದು ಪೂರ್ತಿ ಬಂದ್! ಮಗಳ ಚಾರ್ಟು, ನನ್ನ ಗದರಿಕೆ ಎರಡೂ ನಡೆಯಲಿಲ್ಲ. ಭಜನೆ ಮಂಡಳಿಯ ಎದುರು ಮನೆಯಾಕೆ "ನಾನೂ ಅದನ್ನೇ ನುಂಗೋದು ಕಣ್ರೀ" ಅಂದ ಸಂಜೆಯಿಂದ ಅಮ್ಮ ಇಡೀ ಮಾತ್ರೆ ಶುರು ಮಾಡಿದಳು. ಎದುರು ಮನೆಗೂ ಹಾಳೆಯಲ್ಲಿ ಒಂದು ಬಾಣ ಬಂತು.

ಪ್ರಾಜೆಕ್ಟಿನ ಮೇಲೆ ಅಮ್ಮನಿಗೂ ಅಕ್ಕರೆ ಹುಟ್ಟಿತೋ ಏನೋ, ಟ್ರಂಕಿನಿಂದ ನನ್ನಪ್ಪನ ಇ.ಎಸ್.ಐ. ಪುಸ್ತಕ ತೆಗೆದು ಮೊಮ್ಮಗಳಿಗೆ ಕೊಟ್ಟಳು. ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇಥು ಓಡಿಸುತ್ತಿದ್ದರು. ನನ್ನ ಟಾನ್ಸಿಲ್ ತೆಗೆದದ್ದೂ ಅಲ್ಲಿನ ಇ.ಎಸ್.ಐ. ಆಸ್ಪತ್ರೆಯಲ್ಲೇ. ನಿವೃತ್ತಿಯ ದಿನ ಶಾಲು, ಹಾರ, ಗೋಡೆ ಗಡಿಯಾರದ ಜೊತೆಗೆ ಅದೂ ಮುಗಿಯಿತು ಅಂದುಕೊಂಡಿದ್ದೆವು.

"ಮುಗಿಯಲ್ಲ ಅಪ್ಪ" ಅಂದಳು ಮಗಳು. "ಐದು ವರ್ಷ ಇ.ಎಸ್.ಐ.ನಲ್ಲಿದ್ದು ರಿಟೈರಾದೋರು ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ಗಂಡ ಹೆಂಡತಿ ಇಬ್ರಿಗೂ ಚಿಕಿತ್ಸೆ ಸಿಗುತ್ತೆ."

ಅಪ್ಪ ಹೋಗಿ ಒಂಬತ್ತು ವರ್ಷ. ನಾನು ಪುಸ್ತಕದ ರಟ್ಟು ಸವರುತ್ತ ಕೂತೆ. ಅಮ್ಮ ಬೆರಳು ಮಡಚಿ ಎಣಿಸಿದಳು.

"ತಿಂಗಳಿಗೆ ಹತ್ತು ಬಿತ್ತು, ಅಲ್ವೇನೇ?" ಅಂದು, ಅಡಕತ್ತರಿ ಎಳೆದುಕೊಂಡು ಅಡಕೆ ಹೋಳು ಮಾಡತೊಡಗಿದಳು.