ಬಾಣದ ಗುರುತು

ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರಿಗೆ ಒಂದು ರೋಗವುಂಟು. ಬೆತ್ತವನ್ನು ಕೆಳಗಿಟ್ಟ ಮೇಲೂ ತಪ್ಪು ಹುಡುಕುವ ಕಣ್ಣು ಮುಚ್ಚುವುದಿಲ್ಲ, ಹುಡುಕುವುದಾದರೂ ಪರರಲ್ಲಿಯೇ. ಈ ರೋಗವು ನಮ್ಮಿಂದ ಮಾಡಿಸಿದ ಒಂದು ಅನ್ಯಾಯವನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ತೀರ್ಥರೂಪರು ಬಿಟ್ಟುಹೋದ ಆಸ್ತಿಯಲ್ಲಿ ವಿಲ್ಲಿಸ್ ಮಾದರಿಯ ಹಳೆಯ ಮಹೀಂದ್ರ ಜೀಪೂ ಒಂದು. ಗುಂಡ್ಲುಪೇಟೆಯ ನಮ್ಮ ಮನೆಯ ಕೊಟ್ಟಿಗೆಯೇ ಅದಕ್ಕೆ ನೆಲೆ. ಕಳೆದ ಮಳೆಗಾಲದಲ್ಲಿ, ಹೊರಡುವಾಗಲೆಲ್ಲ ಅದರ ಅಡಿಯಲ್ಲಿ 'ಟಣ್' ಎಂದು ಸದ್ದಾಗತೊಡಗಿತು. ಪೇಟೆಯ ಮೆಕ್ಯಾನಿಕನು ಪರೀಕ್ಷಿಸಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಸವೆದಿವೆಯೆಂದನು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳೆಡೆಗೆ ಒಯ್ಯುವ ಉಕ್ಕಿನ ದಂಡವೇ ಈ ಶಾಫ್ಟು. ಇದರ ಎರಡು ತುದಿಗಳಲ್ಲಿಯೂ ಕವಲೊಡೆದ ಯೋಕ್‌ಗಳಿವೆ. ಇಂಗ್ಲಿಷಿನ ಈ ಶಬ್ದವೂ ಸಂಸ್ಕೃತದ 'ಯುಗ'ವೂ ಒಂದೇ ಮೂಲದವು. ಎರಡಕ್ಕೂ ನೊಗವೆಂದೇ ಅರ್ಥ. ಈ ಶಬ್ದಸಂಬಂಧವು ತಿಳಿದಿದ್ದುದರಿಂದ ಯಂತ್ರವೂ ತಿಳಿಯಿತೆಂದು ನಾವು ಭಾವಿಸಿದೆವು!

ಆತನು ಹೊಸ ಕ್ರಾಸುಗಳನ್ನು ಕೂರಿಸಿಕೊಟ್ಟನು. ಗಾಡಿಗೆ ನಾವೇ ಜೋಡಿಸುವೆವೆಂದು ಹಟ ಹಿಡಿದು ಶಾಫ್ಟನ್ನು ಮನೆಗೆ ತಂದೆವು. ಅದು ಎರಡು ತುಂಡುಗಳದು. ಒಂದರ ಹಲ್ಲುಗಳು ಇನ್ನೊಂದರೊಳಗೆ ಸೇರಿ ಜಾರುತ್ತವೆ. ಗ್ರೀಸು ಹಚ್ಚಲೆಂದು ಅವನ್ನು ಎಳೆದು ಬೇರ್ಪಡಿಸಿ, ಕೈಗೆ ಬಂದಂತೆ ಮತ್ತೆ ಸೇರಿಸಿ, ಬೋಲ್ಟು ಬಿಗಿದೆವು.

ಮರುದಿನ ಹಂಗಳದ ದಾರಿಯಲ್ಲಿ ವೇಗವೇರಿದೊಡನೆ ಗಾಡಿಯು ಗಡಗಡನೆ ನಡುಗಿತು. ಇಕ್ಕೆಲದ ಚೆಂಡುಹೂವಿನ ಹೊಲಗಳನ್ನು ನೋಡುತ್ತಿದ್ದ ನಮ್ಮ ಮನೆಯವರು ಹೆದರಿ ಕಂಬಿ ಹಿಡಿದುಕೊಂಡರು. ನಾವು ನೇರವಾಗಿ ಕಾರ್ಖಾನೆಗೆ ಹಿಂದಿರುಗಿ, ನಾಲ್ಕು ಜನರೆದುರು ಆತನನ್ನು ಕಳ್ಳಕೆಲಸದವನೆಂದು ನಿಂದಿಸಿದೆವು. ಆತನು ಎದುರಾಡಲಿಲ್ಲ. ಗಾಡಿಯಡಿ ತೂರಿ, ಚಿಂದಿಯಿಂದ ಕೊಳೆಯೊರಸಿ ನಮ್ಮನ್ನು ಕರೆದನು.

"ಮೇಷ್ಟ್ರೇ, ಈ ಎರಡು ಬಾಣ ಎದುರುಬದುರು ಬರಬೇಕಿತ್ತು. ಬಿಚ್ಚಿದ್ರಾ?"

ಬಾಗಿದ ಕೀಲೊಂದು ಸಮವೇಗದಿಂದ ತಿರುಗಲಾರದು. ಪ್ರತಿಯೊಂದು ಸುತ್ತಿನಲ್ಲಿಯೂ ಎರಡು ಬಾರಿ ಮುನ್ನುಗ್ಗಿ ಎರಡು ಬಾರಿ ಹಿಂಜರಿಯುವುದು. ಬಾಗು 20 ಡಿಗ್ರಿಯಾದರೆ ಈ ಏರಿಳಿತವು ಶೇಕಡ 6ರಷ್ಟು. ಎರಡು ಕೀಲುಗಳ ಬಾಗು ಸಮವಾಗಿದ್ದು, ದಂಡದ ಎರಡು ಯೋಕ್‌ಗಳೂ ಒಂದೇ ಸಮತಲದಲ್ಲಿದ್ದರೆ, ಮೊದಲನೆಯದರ ದೋಷವನ್ನು ಎರಡನೆಯದು ತೊಡೆದುಹಾಕುವುದು. ಬಾಣದ ಗುರುತುಗಳಿರುವುದು ಇದಕ್ಕಾಗಿಯೇ. ವಿಶೇಷಣವು ವಿಶೇಷ್ಯದ ಲಿಂಗವಚನವಿಭಕ್ತಿಗಳನ್ನು ಅನುಸರಿಸಬೇಕೆಂದು ಮೂವತ್ತು ವರ್ಷ ಬೋಧಿಸಿದ ನಮಗೆ ಈ ಅನ್ವಯವು ಕಾಣಲಿಲ್ಲ.

ಆತನು ಚಕ್ರಗಳಿಗೆ ಕಲ್ಲು ಕೊಟ್ಟನು. ಈ ಜೀಪಿನ ಕೈಬ್ರೇಕು ಶಾಫ್ಟನ್ನು ಹಿಡಿಯುವುದೇ ಹೊರತು ಚಕ್ರವನ್ನಲ್ಲ. ಶಾಫ್ಟು ಕಳಚಿದರೆ ಗಾಡಿಗೆ ತಡೆಯಿಲ್ಲ. ಹಿಂದಿನ ದಿನ ನಾವು ಕಲ್ಲಿಡದೆಯೇ ಅದರಡಿ ಮಲಗಿದ್ದೆವೆಂಬುದು ನೆನಪಾಗಿ ಮೈ ಬೆವರಿತು. ಬಾಣಗಳನ್ನು ಸರಿಗೂಡಿಸಿ ಬಿಗಿದ ಮೇಲೆ ಆತನು ಕೂಲಿ ಬೇಡವೆಂದನು.

ಕೂಲಿಯನ್ನು ಕೈಯಲ್ಲಿಟ್ಟೆವು. ಆದರೆ ನಿಂದೆಯ ಋಣವು ಹಣದಿಂದ ತೀರುವಂಥದಲ್ಲ. ಆ ನಾಲ್ಕು ಜನರಲ್ಲಿ ಇಬ್ಬರು ಹೊರಟುಹೋಗಿದ್ದರು; ಉಳಿದಿಬ್ಬರೆದುರು ತಪ್ಪು ನಮ್ಮದೆಂದು ಹೇಳಿ ಕ್ಷಮೆ ಕೇಳಿದೆವು. ಹೋದ ಇಬ್ಬರ ಕಿವಿಗೂ ಇದು ಬೀಳಲೆಂದೇ ಈ ಬರೆಹ.