ಆಗುಂಬೆಯ ಘಟ್ಟದಲ್ಲಿ ಕೇಳಿದ ಸದ್ದು

ಸಹ್ಯಾದ್ರಿಯನ್ನೇರುವ ಮಾರ್ಗಗಳಲ್ಲಿ ಆಗುಂಬೆಯ ಘಟ್ಟವು ನೀಳವಾದುದಲ್ಲ, ಕಡಿದಾದುದು. ಬುಡದಲ್ಲಿರುವ ಸೋಮೇಶ್ವರವನ್ನು ದಾಟಿದೊಡನೆಯೇ ಅರಣ್ಯವು ಇಕ್ಕೆಲಗಳಿಂದಲೂ ಬಾಗಿ ರಸ್ತೆಯನ್ನು ಕವಿಯುತ್ತದೆ. ಮೇಲೆ 14 ತಿರುವುಗಳು. ಸಿಂಗಳೀಕಗಳಿಗೆ ಇದು ತೌರುಮನೆ. ವರ್ಷಕ್ಕೆ 7,000 ಮಿಲಿಮೀಟರಿಗೆ ಮಿಕ್ಕು ಮಳೆ ಬೀಳುವ ಈ ಸೀಮೆಯಲ್ಲಿ ಬಂಡೆಗಳೂ ಹಸುರು ಹೊದೆದಿರುತ್ತವೆ. ಆಕಾಶವು ತಿಳಿಯಾಗಿದ್ದರೆ ಮೇಲಣ ಕಟ್ಟೆಯಿಂದ ಪಡುಗಡಲಿನಲ್ಲಿ ಸೂರ್ಯನು ಮುಳುಗುವುದನ್ನು ಕಾಣಬಹುದು. ನಾವು ಹೋದ ದಿನ ಆಕಾಶವು ತಿಳಿಯಾಗಿರಲಿಲ್ಲ.

ಉಡುಪಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ನಮ್ಮ ಅಕ್ಕನವರನ್ನು ತೀರ್ಥಹಳ್ಳಿಗೆ ಕರೆದೊಯ್ಯುತ್ತಿದ್ದೆವು. ಕಾರು ಬಹು ಹಳೆಯದು, ಕಾರ್ಬ್ಯುರೇಟರಿನ ಕಾಲದ್ದು. ನಡೆಸುವವನು ಅವರ ಮೊಮ್ಮಗ. ಐದನೆಯ ತಿರುವು ಕಳೆದಾಗ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಅಕ್ಕನವರೇ ಮೊದಲು ಹೇಳಿದರು: “ಹಿತ್ತಾಳೆಯ ತಂಬಿಗೆಯಲ್ಲಿ ಹರಳುಕಲ್ಲು ಹಾಕಿ ಕುಲುಕಿದ ಹಾಗೆ ಕೇಳುತ್ತದಲ್ಲ?”

ಹುಡುಗನ ಮುಖವು ಬಿಳುಪೇರಿತು. ಎಂಜಿನಿನ ಒಳಗಣ ಬೇರಿಂಗು ಸವೆದಿದ್ದರೆ ಇನ್ನೊಂದು ಮೈಲಿ ಓಡಿಸುವುದೂ ಅಪಾಯ. ಯಂತ್ರವೇ ಬಿಗಿದು ನಿಂತೀತು. ಕತ್ತಲಾಗುತ್ತಿತ್ತು, ಮಳೆಯು ಹಿಡಿಯುವುದರಲ್ಲಿತ್ತು. ಶಸ್ತ್ರಚಿಕಿತ್ಸೆಯಾದ ಕಣ್ಣಿನ ವೃದ್ಧೆಯನ್ನು ಆ ಕಾಡಿನಲ್ಲಿ ಇಳಿಸುವುದೆಲ್ಲಿ?

ರಸ್ತೆ ಅಗಲವಾದೆಡೆ ನಿಲ್ಲಿಸಿ, ಹಿಂಗಾಲಿಗೆ ಅಡೆಗಲ್ಲಿಟ್ಟೆವು. ಎಣ್ಣೆಯ ಅಳತೆ ಸರಿಯಾಗಿತ್ತು. ಎಣ್ಣೆಯ ಒತ್ತಡದ ಕೆಂಪುದೀಪವು ಉರಿದಿರಲಿಲ್ಲ. ಶಾಖವು ಮಾತ್ರ ತುಸು ಏರಿತ್ತು. ಬೇರಿಂಗಿನ ಸದ್ದು ಗಂಭೀರವಾದುದು, ಒನಕೆಯ ಪೆಟ್ಟಿನಂತೆ; ನಿಂತಲ್ಲಿಯೇ ವೇಗ ಹೆಚ್ಚಿಸಿ ಬಿಟ್ಟರೂ ಸಾಮಾನ್ಯವಾಗಿ ಕೇಳಬರುತ್ತದೆ. ನಿಂತ ಗಾಡಿಯಲ್ಲಿ ಹಾಗೆ ಮಾಡಿಸಿದೆವು: ನಿಶ್ಶಬ್ದ. ಮತ್ತೆ ಹೊರಟು ಮೂರನೆಯ ಗೇರಿನಲ್ಲಿ ಒತ್ತಿದಾಗ ಹರಳುಗಳು ಕುಣಿದವು. ಎರಡನೆಯದಕ್ಕಿಳಿಸಿ ಹಗುರವಾಗಿ ಒತ್ತಿದಾಗ ಅಡಗಿದವು. ನೈಯಾಯಿಕರು ಅನ್ವಯವ್ಯತಿರೇಕವೆಂದು ಕರೆಯುವುದು ಇದನ್ನೇ: ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು. ಸದ್ದು ವೇಗವನ್ನು ಅನುಸರಿಸಲಿಲ್ಲ, ಭಾರವನ್ನು ಅನುಸರಿಸಿತು. (ತರ್ಕಶಾಸ್ತ್ರದಿಂದ ಹೊಟ್ಟೆ ತುಂಬದೆಂದು ಹಿಂದೆ ನಗುತ್ತಿದ್ದವರು ಈಗ ನಗುವುದಿಲ್ಲ.)

ಹೀಗಾಗುವುದರ ಕ್ರಮವು ಇಷ್ಟೇ. ಸಿಲಿಂಡರಿನೊಳಗೆ ಕಿಡಿಯು ಹಾರಿದಾಗ ಜ್ವಾಲೆಯು ಒಂದು ಕಡೆಯಿಂದ ಕ್ರಮವಾಗಿ ಹರಡಬೇಕು. ಕಿಡಿಯು ಹೊತ್ತಿಗೆ ಮುಂಚೆ ಹಾರಿದರೂ, ಶಾಖವು ಮಿತಿಮೀರಿದರೂ, ಇಂಧನವು ಯಂತ್ರಕ್ಕೆ ತಕ್ಕುದಲ್ಲದಿದ್ದರೂ, ಜ್ವಾಲೆಯು ತಲುಪುವ ಮೊದಲೇ ಉಳಿದ ಭಾಗವು ಒತ್ತಡದಿಂದ ತಾನೇ ಸಿಡಿಯುತ್ತದೆ. ಆ ಆಘಾತಕ್ಕೆ ಲೋಹದ ಗೋಡೆಯು ಗಂಟೆಯಂತೆ ನುಡಿಯುತ್ತದೆ. ಇದನ್ನಡಗಿಸಲು 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿಯು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುವ ಉಪಾಯವನ್ನು ಕಂಡುಹಿಡಿದನು. ಎಂಜಿನಿಗೆ ಅದು ಮದ್ದು, ಮನುಷ್ಯರಿಗೆ ವಿಷ. ನಮ್ಮ ದೇಶವು 2000ದಲ್ಲಿ ಅದನ್ನು ಕೈಬಿಟ್ಟಿತು. ಹೊಸ ಕಾರುಗಳಲ್ಲಿ ಈ ಸದ್ದನ್ನರಿತು ಕಿಡಿಯನ್ನು ತಡಮಾಡುವ ಸೂಕ್ಷ್ಮ ಸಾಧನವುಂಟು. ನಮ್ಮದರಲ್ಲಿ ಅಕ್ಕನವರ ಕಿವಿ ಇತ್ತು.

ಅರ್ಧಗಂಟೆ ಯಂತ್ರವನ್ನು ಆರಗೊಟ್ಟು, ಮುಂದಣ ತಿರುವುಗಳನ್ನೆಲ್ಲ ಕೆಳಗಣ ಗೇರುಗಳಲ್ಲಿಯೇ ಏರಿದೆವು. ಹತ್ತನೆಯದರಲ್ಲಿ ಮಳೆ ಹಿಡಿಯಿತು. ಆಗುಂಬೆಯ ಪೇಟೆಯಲ್ಲಿ ಬಿಸಿ ಕಾಫಿ ದೊರೆಯಿತು; ಅಕ್ಕನವರು ಎರಡು ಲೋಟ ಕುಡಿದರು.

ಮರುದಿನ ತೀರ್ಥಹಳ್ಳಿಯ ಮೆಕ್ಯಾನಿಕನು ಮುಚ್ಚಳವನ್ನು ತೆಗೆದವನೇ ಡಿಸ್ಟ್ರಿಬ್ಯೂಟರನ್ನು ಎರಡು ಬೆರಳುಗಳಿಂದ ಅಲ್ಲಾಡಿಸಿ ತೋರಿಸಿದನು. ಹಿಡಿಯ ಬೋಲ್ಟು ಸಡಿಲಗೊಂಡು ಅದು ತುಸು ತಿರುಗಿ, ಕಿಡಿಯು ಮುಂಚೆ ಹಾರುತ್ತಿತ್ತು. ಒಳಗಣ ರೋಟರು ತಿರುಗುವ ದಿಕ್ಕಿಗೆ ಒಂದಿಷ್ಟು ಸರಿಸಿ, ದೀಪದಿಂದ ಗುರುತು ನೋಡಿ, ಬಿಗಿದನು. ಹತ್ತು ನಿಮಿಷದ ಕೆಲಸ. ಕೂಲಿಯೆಂದು ಅವನು ಕೇಳಿದ್ದು ಅಲ್ಪವೇ ಆದುದರಿಂದ ನಾವು ಚೌಕಾಸಿಗೆ ಹೋಗಲಿಲ್ಲ.