ಟಾರ್ಚು ಹಿಡಿದವಳು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಬಜೆ, ಮೆಂತ್ಯ, ಕೊಬ್ಬರಿ, ಹಳೆಯ ಪಂಚೆಯ ತುಂಡು ಎಲ್ಲವೂ ಇದ್ದವು. ಇರದಿದ್ದದ್ದು ಒಂದು ಸ್ಕ್ರೂಡ್ರೈವರ್. ಅದು ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು ಹೇಳಿ?

ಮಗಳ ಮನೆ ಕ್ಲೀವ್‌ಲ್ಯಾಂಡಿನಲ್ಲಿ. ಅವಳ ಮೇಜಿನ ಮೇಲೊಂದು ಹಳೆಯ ಕಬ್ಬಿಣದ ದೀಪ. ಮೊಳದುದ್ದದ ಟ್ಯೂಬು, ಬುಡದಲ್ಲಿ ಕಪ್ಪು ಗುಂಡಿಯೊಂದು, ಕೆಂಪು ಗುಂಡಿಯೊಂದು. ಓದಲು ಬಂದ ಹೊಸದರಲ್ಲಿ ಯಾರದೋ ಮನೆಯ ಮುಂದೆ ಹಳೆಸಾಮಾನು ಮಾರುತ್ತಿದ್ದಾಗ ಐದು ಡಾಲರಿಗೆ ಕೊಂಡದ್ದು. "ಈ ದೇಶದಲ್ಲಿ ನಾನು ಕೊಂಡ ಮೊದಲ ಸಾಮಾನು ಅಮ್ಮ" ಎನ್ನುತ್ತಿದ್ದಳು. ಅದರ ವೈರಿನ ಹೊದಿಕೆ ಈಗ ಮುಟ್ಟಿದರೆ ಹಪ್ಪಳದಂತೆ ಉದುರುತ್ತಿತ್ತು. "ಮಗು ಇರೋ ಮನೆ, ಎಸೆದುಬಿಡೋಣ" ಎಂದರು ಅಳಿಯಂದಿರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಮಗಳ ಮುಖ ಸಣ್ಣದಾಯಿತು. "ಇರಲಿ, ನಾನು ನೋಡ್ತೀನಿ" ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ!

ತಿಪಟೂರಿನಲ್ಲಿ ನಮ್ಮ ಅಪ್ಪನದು ಎಲೆಕ್ಟ್ರಿಕ್ ರಿಪೇರಿ ಅಂಗಡಿ. ಸಂಜೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೋಕು, ಸ್ಟಾರ್ಟರು ಎಂದು ಹೇಳಿಕೊಡುತ್ತಿದ್ದರು. ಟಾರ್ಚು ಹಿಡಿಯುವುದು ನನ್ನ ಕೆಲಸ. ಟಾರ್ಚು ಹಿಡಿದವಳಿಗೂ ಕಣ್ಣು ಕಿವಿ ಇರುತ್ತವೆಂದು ಅಪ್ಪನಿಗೆ ಹೊಳೆಯಲಿಲ್ಲವೇನೋ. ಮದುವೆಯಾದ ಮೇಲೆ ಫ್ಯೂಸು ಹೋದರೂ ನಾನು ಮುಟ್ಟಲಿಲ್ಲ. "ಹೆಂಗಸರಿಗೇಕೆ ಕರೆಂಟಿನ ಸಹವಾಸ" ಎನ್ನುತ್ತಿದ್ದರು ನಮ್ಮತ್ತೆ. ಮೂವತ್ತೈದು ವರ್ಷ ಮೇಣದಬತ್ತಿ ಹಚ್ಚಿಟ್ಟು ಯಾರಾದರೂ ಬರಲಿ ಎಂದು ಕಾದೆ.

ಅಳಿಯಂದಿರು ಹೊಸ ವೈರು, ಪ್ಲಗ್ಗು ತಂದುಕೊಟ್ಟರು. ದೀಪದ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೇ ಇಟ್ಟುಕೊಂಡೆ. ಅದು ಅಪ್ಪನ ಮೊದಲ ಪಾಠ. ಬುಡದ ತಗಡು ಬಿಚ್ಚಿದರೆ ಸ್ವಿಚ್ಚಿನಿಂದ ನಾಲ್ಕು ತಂತಿ. ಯಾವುದು ಎಲ್ಲಿಗೆಂದು ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಕೈ ಹಾಕಿದೆ. ಅಲ್ಲಿನ ಜೋಡಿ ವೈರಿನ ಒಂದು ಬದಿಗೆ ಬೆರಳಾಡಿಸಿದರೆ ಗೀರು ಸಿಗುತ್ತದೆ. ಅದು ನ್ಯೂಟ್ರಲ್, ಪ್ಲಗ್ಗಿನ ಅಗಲದ ಪಟ್ಟಿಗೆ ಸೇರಬೇಕು. ನುಣುಪಾದದ್ದು ಫೇಸು, ಅದು ಮೊದಲು ಸ್ವಿಚ್ಚಿಗೇ ಹೋಗಬೇಕು. "ವೈರು ಒಳಗೆ ಹೊಕ್ಕ ಕಡೆ ಒಂದು ಗಂಟು ಹಾಕು, ಎಳೆದಾಟ ಗಂಟಿಗಿರಲಿ, ಜೋಡಣೆಗೆ ಬೇಡ" ಎಂದು ಅಪ್ಪ ತಮ್ಮನಿಗೆ ಹೇಳುತ್ತಿದ್ದದ್ದು ನೆನಪಾಯಿತು. ಹಾಗೆಯೇ ಹಾಕಿದೆ. ಮೊಬೈಲಿನ ಟಾರ್ಚು ಹಿಡಿದು ನಿಂತಿದ್ದವರು ಅಳಿಯಂದಿರು.

ಹಿಡಿದಲ್ಲೇ ಓದಿಯೂ ಹೇಳಿದರು: ಈ ದೀಪದ ತವರೂ ಇದೇ ಊರಂತೆ. ಇಲ್ಲಿನ ನೇಲಾ ಪಾರ್ಕಿನಲ್ಲಿ ಜನರಲ್ ಎಲೆಕ್ಟ್ರಿಕ್‌ನ ಜಾರ್ಜ್ ಇನ್‌ಮನ್ ತಂಡ ಸಿದ್ಧಪಡಿಸಿದ ಟ್ಯೂಬುಗಳು 1938ರಲ್ಲಿ ಮಾರಾಟಕ್ಕೆ ಬಂದವು. ಒಳಗೆ ಪಾದರಸ ಇರುವುದರಿಂದ 2027ರ ಹೊತ್ತಿಗೆ ಇವುಗಳ ತಯಾರಿಕೆ ನಿಲ್ಲಿಸಬೇಕೆಂದು ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಸರಿ, ಇನ್ನೊಂದು ಟ್ಯೂಬು ತರಿಸಿ ಬಟ್ಟೆ ಸುತ್ತಿ ಅಟ್ಟದಲ್ಲಿಡಿಸಿದೆ.

ಮಗುವನ್ನೆತ್ತಿಕೊಂಡು ಮಗಳು ಬಂದಳು. ಕಪ್ಪು ಗುಂಡಿಯನ್ನು ಮುಟ್ಟಿ ತಕ್ಷಣ ಬಿಟ್ಟಳು. ಮಿಣುಕಿ ಸುಮ್ಮನಾಯಿತು. ನಮ್ಮ ಮನೆಗಳ ಟ್ಯೂಬ್‌ಲೈಟಿನಲ್ಲಿ ಸ್ಟಾರ್ಟರು ಮಾಡುವ ಕೆಲಸವನ್ನು ಇದರಲ್ಲಿ ಬೆರಳೇ ಮಾಡಬೇಕು. "ಒತ್ತಿ ಹಿಡಿ. ತುದಿ ಕೆಂಪಗೆ ಕಾಯಲಿ. ಎರಡು ಎಣಿಸಿ ಬಿಡು, ಬಿಟ್ಟಾಗಲೇ ಚೋಕು ಜೋರಾಗಿ ತಳ್ಳೋದು" ಎಂದೆ. ಬಿಟ್ಟಳು. ಮೇಜಿನ ತುಂಬ ಬೆಳಕು.

"ಅಮ್ಮ, ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು?" ಏನೆಂದು ಹೇಳಲಿ? ತಮ್ಮನಿಗೆ ಫೋನು ಮಾಡಿದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು ನಕ್ಕುಬಿಟ್ಟ. "ಅಕ್ಕಾ, ಆ ಗಂಟು ನನಗೆ ಮರೆತೇ ಹೋಗಿದೆ."

ಊರಿಗೆ ಬಂದ ಮೇಲೆ ಒಂದು ರಾತ್ರಿ ಫ್ಯೂಸು ಹೋಯಿತು. ನಮ್ಮ ಮನೆಯವರು ಮೇಣದಬತ್ತಿ ಹುಡುಕುತ್ತಿದ್ದರು. ಮೇನ್ ಸ್ವಿಚ್ ಆರಿಸಿ, ಟಾರ್ಚನ್ನು ಅವರ ಕೈಗೆ ಕೊಟ್ಟು, ನಾನು ಸ್ಟೂಲು ಹತ್ತಿದೆ.